ನಿಮ್ಮ ಲೇಖನ ನಿಮ್ಮ ಹೆಸರಿಗೇ ಸೇರಲಿ: ಸಂಶೋಧಕರ ಪ್ರೊಫೈಲ್ ಮಾಡಿಕೊಳ್ಳುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳಲ್ಲಿ ಎಸ್. ಪಾಟೀಲ, ಎಸ್. ಬಿರಾದಾರ ಎಂಬ ಹೆಸರಿನ ಅಧ್ಯಾಪಕರು ಒಬ್ಬಿಬ್ಬರಲ್ಲ. ಊರಿನವರಿಗೆ ಯಾರು ಯಾರೆಂದು ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಒಬ್ಬರ ಲೇಖನ ಇನ್ನೊಬ್ಬರ ಖಾತೆಗೆ ಹೋಗುವುದು ಹೀಗೆಯೇ. ಆದ್ದರಿಂದ ಮೊದಲು ಆರ್ಕಿಡ್ (ORCID) ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ, ಉಳಿದದ್ದು ಆಮೇಲೆ.

ಆರ್ಕಿಡ್ 2012ರಿಂದ ನಡೆಯುತ್ತಿರುವ ಉಚಿತ ಸೇವೆ. ಸಂಶೋಧಕರಿಗೆ 16 ಸ್ಥಾನಗಳ ಸಂಖ್ಯೆ ಕೊಡುತ್ತದೆ. ಕೊನೆಯಲ್ಲಿ 'ಎಕ್ಸ್' ಬಂದರೆ ಗಾಬರಿ ಬೇಡ, ಅದು ಸಂಖ್ಯೆ ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿ. ನೋಂದಣಿಯಲ್ಲಿ ಎರಡು ಇಮೇಲ್ ಕೊಡಿ: ಕಾಲೇಜಿನದೊಂದು, ಸ್ವಂತದ್ದೊಂದು. ಅತಿಥಿ ಉಪನ್ಯಾಸಕರಂತೂ ಇದನ್ನು ಮರೆಯಲೇಬಾರದು. ಕೆಲಸ ಬಿಟ್ಟ ಮೇಲೆ ಕಾಲೇಜಿನ ಇಮೇಲ್ ಮುಚ್ಚಿದರೆ ಪಾಸ್‌ವರ್ಡ್ ಬದಲಿಸಲೂ ದಾರಿಯಿರುವುದಿಲ್ಲ. ಆಗ ಹಲವರು ಹೊಸ ಸಂಖ್ಯೆ ಮಾಡಿಸುತ್ತಾರೆ, ಲೇಖನಗಳು ಎರಡು ಕಡೆ ಹಂಚಿಹೋಗುತ್ತವೆ. ಈಗಾಗಲೇ ಎರಡು ಸಂಖ್ಯೆ ಇದ್ದರೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಒಂದನ್ನು ತೆಗೆಯಬಹುದು.

ಮುಂದಿನದು ಹೆಸರು. ಇನಿಷಿಯಲ್ ಮೊದಲೋ ಕೊನೆಗೋ, 'ಪಾಟೀಲ' ಇಂಗ್ಲಿಷಿನಲ್ಲಿ ಯಾವ ಕಾಗುಣಿತದಲ್ಲೋ, ಒಂದು ರೂಪ ನಿರ್ಧರಿಸಿ. ಇನ್ನು ಮುಂದಿನ ಲೇಖನಗಳಲ್ಲೆಲ್ಲ ಅದೇ ಇರಲಿ. ಹಳೆಯ ಲೇಖನಗಳಲ್ಲಿ ಬೇರೆ ರೂಪ ಅಚ್ಚಾಗಿದ್ದರೆ 'ಆಲ್ಸೋ ನೋನ್ ಆ್ಯಸ್' ಎಂಬಲ್ಲಿ ಎಲ್ಲವನ್ನೂ ಸೇರಿಸಿ, ಕನ್ನಡ ಲಿಪಿಯ ಹೆಸರನ್ನೂ ಹಾಕಿ. ಸಂಸ್ಥೆಯ ಹೆಸರನ್ನು ಟೈಪ್ ಮಾಡಿ ಬಿಟ್ಟುಬಿಡದೆ ಕೆಳಗೆ ತೆರೆಯುವ ಪಟ್ಟಿಯಿಂದಲೇ ಆರಿಸಿ. ಊರಿನ ಹೆಸರು 2014ರಲ್ಲಿ ಕಲಬುರಗಿ ಆಯಿತು, ವಿಶ್ವವಿದ್ಯಾಲಯ ಗುಲಬರ್ಗಾ ಹೆಸರಿನಲ್ಲೇ ಇದೆ. ಎರಡನ್ನೂ ಬೆರೆಸಿ ಬರೆದರೆ ಒಂದೇ ಸಂಸ್ಥೆ ಎರಡಾಗಿ ಕಾಣುತ್ತದೆ.

ಲೇಖನ ಸೇರಿಸುವಾಗ '10.' ಎಂದು ಶುರುವಾಗುವ ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ಹಾಕಿದರೆ ಶೀರ್ಷಿಕೆ, ಪತ್ರಿಕೆ, ವರ್ಷ ತಾನಾಗಿ ಬರುತ್ತವೆ. ಕನ್ನಡ ನಿಯತಕಾಲಿಕದ ಲೇಖನಕ್ಕೆ ಡಿಒಐ ಇಲ್ಲದಿದ್ದರೆ ಕೈಯಾರೆ ತುಂಬಿ: ಶೀರ್ಷಿಕೆ ಕನ್ನಡದಲ್ಲಿ, ಅನುವಾದಿತ ಶೀರ್ಷಿಕೆಯ ಜಾಗದಲ್ಲಿ ಇಂಗ್ಲಿಷ್. ಕನ್ನಡ ವಿಭಾಗದವರು ಈ ಶ್ರಮ ಪಡಲೇಬೇಕು, ಇಲ್ಲದಿದ್ದರೆ ವರ್ಷಗಳ ಬರವಣಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್. 'ಮೈ ಪ್ರೊಫೈಲ್' ಒತ್ತಿ, ಕಾಲೇಜಿನ ಇಮೇಲ್ ಕೊಟ್ಟು, ಅಲ್ಲಿಗೆ ಬಂದ ಲಿಂಕ್ ತೆರೆದು ದೃಢಪಡಿಸಿ. ದೃಢಪಡದ ಪ್ರೊಫೈಲ್ ಹುಡುಕಿದವರಿಗೆ ಸಿಗುವುದಿಲ್ಲ. ಅದು ತೋರಿಸುವ ಲೇಖನಗಳ ಗುಂಪನ್ನು ಇಡಿಯಾಗಿ ಒಪ್ಪಬೇಡಿ, ಒಂದೊಂದನ್ನೂ ನೋಡಿ. ಹೊಸ ಲೇಖನ ತಾನಾಗಿ ಸೇರಲೋ, ಮೊದಲು ಇಮೇಲಿನಲ್ಲಿ ಕೇಳಲೋ ಎಂಬಲ್ಲಿ ಎರಡನೆಯದನ್ನೇ ಆರಿಸಿ. ಇತಿಹಾಸದ ಪ್ರಾಧ್ಯಾಪಕರ ಪಟ್ಟಿಯಲ್ಲಿ ರಸಾಯನಶಾಸ್ತ್ರದ ಲೇಖನ ಕೂರುವುದು ಮೊದಲನೆಯದನ್ನು ಆರಿಸಿದ್ದರಿಂದಲೇ. ಒಂದೇ ಲೇಖನ ಎರಡು ಸಲ ಬಂದಿದ್ದರೆ ಎರಡಕ್ಕೂ ಟಿಕ್ ಹಾಕಿ 'ಮರ್ಜ್' ಒತ್ತಿ.

ಬಲಗಡೆ ಕಾಣುವ ಎಚ್-ಇಂಡೆಕ್ಸ್ ಎಂದರೆ ನಿಮ್ಮ ಲೇಖನಗಳನ್ನು ಇತರ ಲೇಖನಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬುದರಿಂದ ಬರುವ ಅಂಕಿ, ಲೆಕ್ಕ ಸುಲಭ. ಐದು ಲೇಖನಗಳಿಗೆ ಕ್ರಮವಾಗಿ 20, 9, 6, 4, 3 ಉಲ್ಲೇಖಗಳಿವೆ ಎನ್ನೋಣ. ಕನಿಷ್ಠ 4 ಉಲ್ಲೇಖವಿರುವ ಲೇಖನಗಳು 4, ಹಾಗಾಗಿ ಎಚ್-ಇಂಡೆಕ್ಸ್ 4. ಬೇರೆಯವರ ಲೇಖನದಿಂದ ಈ ಅಂಕಿ ಏರಿದ್ದರೆ ಸಂದರ್ಶನದಲ್ಲಿ ಉತ್ತರಿಸಬೇಕಾದವರು ನೀವೇ.

ಲೇಖನ, ಉಲ್ಲೇಖಗಳ ದತ್ತಸಂಗ್ರಹವಾದ ಸ್ಕೋಪಸ್‌ನಲ್ಲಿ ನೀವು ಖಾತೆ ತೆರೆಯಬೇಕಿಲ್ಲ, ಅದೇ ಲೇಖಕರ ಸಂಖ್ಯೆ ಮಾಡಿಬಿಡುತ್ತದೆ. ಹೆಸರು ಎರಡು ಥರ ಇದ್ದವರಿಗೆ ಎರಡು ಸಂಖ್ಯೆ ಬಂದಿರಬಹುದು. ಎರಡನ್ನೂ ಕೂಡಿಸಲು ಅಲ್ಲೇ ಮನವಿ ಕಳಿಸಬಹುದು, ಚಂದಾ ಬೇಡ.

ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ, ದೇಶದ ಸಂಶೋಧಕರ ವಿವರಗಳ ತಾಣವಾದ ವಿದ್ವಾನ್‌ನ ಪ್ರೊಫೈಲನ್ನು ಕೊನೆಗೆ ತುಂಬಿ, ಆರ್ಕಿಡ್ ಸಂಖ್ಯೆಯನ್ನು ಅಲ್ಲಿಯೂ ನಮೂದಿಸಿ. ಹೊಸ ಲೇಖನ ಸಲ್ಲಿಸುವಾಗಲೂ ಆ ಸಂಖ್ಯೆ ಕೊಡಿ. ಲೇಖನ ಪ್ರಕಟವಾದ ಮೇಲೆ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಅನುಮತಿ ಕೇಳುತ್ತದೆ. ಒಮ್ಮೆ ಒಪ್ಪಿದರೆ ಮುಂದಿನವು ತಾವಾಗಿಯೇ ನಿಮ್ಮ ಪಟ್ಟಿಗೆ ಬಂದು ಸೇರುತ್ತವೆ.