ಭಾಷೆ ತಿಳಿಯದ ಮಕ್ಕಳ ಗದ್ದಲ: ವಿದೇಶದ ಇಂಗ್ಲಿಷ್ ತರಗತಿಯನ್ನು ಹಿಡಿತಕ್ಕೆ ತರುವುದು ಹೇಗೆ?

ಪರದೇಶದ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಟವರು ಪಾಠದ ತಯಾರಿಗೆ ವಾರಗಟ್ಟಲೆ ಕೂರುತ್ತಾರೆ. ತರಗತಿ ಕೈಮೀರಿದರೆ ಏನು ಮಾಡಬೇಕೆಂದು ಮಾತ್ರ ಯೋಚಿಸಿರುವುದಿಲ್ಲ. ಅಲ್ಲಿ ಹೋದ ಮೇಲೆ ಬುದ್ಧಿ ಹೇಳೋಣವೆಂದರೆ ನಿಮ್ಮ ಮಾತು ಮಕ್ಕಳಿಗೆ ತಿಳಿಯದು, ಅವರು ಪಿಸುಗುಟ್ಟುವುದು ನಿಮಗೆ ತಿಳಿಯದು. ಇಂಥ ತರಗತಿಯ ಗದ್ದಲದಲ್ಲಿ ತುಂಟತನದ ಪಾಲು ಕಡಿಮೆ. ಏನು ಮಾಡಬೇಕೆಂದು ಗೊತ್ತಾಗದೆ ಪಕ್ಕದವರನ್ನು ಕೇಳುವುದು, ಕೇಳುತ್ತಾ ಹರಟೆಗೆ ಇಳಿಯುವುದು, ಇದೇ ಹೆಚ್ಚು. ಹಾಗಾಗಿ ಮಕ್ಕಳನ್ನು ತಿದ್ದುವ ಮೊದಲು ನೀವು ಕೊಡುವ ಸೂಚನೆಯನ್ನು ತಿದ್ದಿಕೊಳ್ಳಿ.

ತರಗತಿಗೆ ಕಾಲಿಡುವ ಮೊದಲು

ಸೇರಿದ ವಾರವೇ ಶಾಲೆಯವರನ್ನು ಕೇಳಿ ತಿಳಿದುಕೊಳ್ಳಬೇಕಾದ ಸಂಗತಿಗಳಿವೆ. ಮಗುವನ್ನು ತರಗತಿಯಿಂದ ಹೊರಗೆ ಕಳಿಸಬಹುದೇ? ಮೊಬೈಲ್ ಕಿತ್ತಿಟ್ಟುಕೊಳ್ಳಬಹುದೇ? ಪೋಷಕರೊಡನೆ ಮಾತಾಡುವವರು ಯಾರು? ವಿಶೇಷ ನೆರವು ಬೇಕಿರುವ ಮಕ್ಕಳು ಯಾರು? ಇವುಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಜಪಾನಿನ 1947ರ ಶಾಲಾ ಶಿಕ್ಷಣ ಕಾನೂನಿನ 11ನೇ ವಿಧಿಯೇ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ನಿಮ್ಮ ಶಾಲೆಯ ನಿಯಮ ಏನೇ ಇರಲಿ, ಕಿವಿ ಹಿಂಡುವುದು, ತೋಳು ಹಿಡಿದು ಎಬ್ಬಿಸುವುದು, ಬೆಂಚಿನ ಮೇಲೆ ನಿಲ್ಲಿಸುವುದು ಎಲ್ಲಿಯೂ ಬೇಡ.

ಸ್ಥಳೀಯ ಸಹಶಿಕ್ಷಕರು ಜೊತೆಗಿದ್ದರೆ ಕೆಲಸ ಅರ್ಧ ಹಗುರ. ಆದರೆ ಯಾರು ಏನು ಮಾಡುವುದು ಎಂದು ಮಾತಾಗಿರಬೇಕು. ಇಲ್ಲದಿದ್ದರೆ ಅವರು ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ತಿದ್ದುತ್ತಾ ಕೂರುತ್ತಾರೆ, ಅಥವಾ ನೀವು ಹೇಳಿದ್ದನ್ನೆಲ್ಲ ಅನುವಾದಿಸುತ್ತಾ ಹೋಗುತ್ತಾರೆ. ಹೇಗೂ ಅನುವಾದ ಬರುತ್ತದೆ ಎಂದು ಗೊತ್ತಾದ ಮಕ್ಕಳು ಇಂಗ್ಲಿಷಿಗೆ ಕಿವಿಗೊಡುವುದಿಲ್ಲ. ಪಾಠಕ್ಕೆ ಮುಂಚೆ ಹತ್ತು ನಿಮಿಷ ಕೂತು, ಎಲ್ಲಿ ಅನುವಾದ ಬೇಕು, ಎಲ್ಲಿ ಬೇಡ, ನೀವು ಮುಂದೆ ನಿಂತಾಗ ಅವರು ಯಾವ ಸಾಲಿನಲ್ಲಿ ಓಡಾಡುತ್ತಾರೆ ಎಂಬಿಷ್ಟನ್ನು ಗೊತ್ತುಮಾಡಿಕೊಳ್ಳಿ.

ಮಕ್ಕಳು ಕೂರುವ ಜಾಗದ ನಕ್ಷೆ ಬರೆದು ಹೆಸರು ತುಂಬಿಸಿ. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಗುರುತು ಹಾಕಿಕೊಂಡರೆ ನಾಲಿಗೆ ಬೇಗ ಹೊರಳುತ್ತದೆ. ‘ಏಯ್, ನೀಲಿ ಶರ್ಟು’ ಎಂದು ಕರೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಮಾತಾಡುತ್ತಿದ್ದವನೊಬ್ಬನನ್ನು ಬಿಟ್ಟು.

ಮೊದಲ ಐದು ನಿಮಿಷ

ಬಾಗಿಲ ಬಳಿ ನಿಂತು ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಬಿಡಿ. ಅಷ್ಟು ಹೊತ್ತಿಗೆ ಬೋರ್ಡಿನ ಮೇಲೆ ಒಂದು ಕೆಲಸ ಬರೆದಿರಲಿ: ಕಲಸುಮೇಲೋಗರವಾದ ಐದು ಪದಗಳ ಅಕ್ಷರ ಜೋಡಿಸುವುದು, ಚಿತ್ರ ನೋಡಿ ಮೂರು ಪದ ಬರೆಯುವುದು, ಇಂಥದ್ದು. ಹೇಳಿಕೊಡದೆಯೇ ಶುರುಮಾಡಬಲ್ಲಷ್ಟು ಸುಲಭವಾಗಿರಬೇಕು. ಆ ಶಾಲೆಯಲ್ಲಿ ಎದ್ದು ನಿಂತು ವಂದಿಸುವಂಥ ರೂಢಿ ಇದ್ದರೆ ಅದನ್ನು ಬಿಡಿಸಬೇಡಿ. ಪಾಠ ಶುರುವಾಯಿತೆಂದು ಮಕ್ಕಳ ಮೈಗೆ ಗೊತ್ತಾಗುವುದು ಅದರಿಂದಲೇ.

ನಿಯಮಗಳು ಮೂರಕ್ಕಿಂತ ಹೆಚ್ಚು ಬೇಡ. ಅವನ್ನು ಚಿತ್ರದೊಂದಿಗೆ ಇಂಗ್ಲಿಷಿನಲ್ಲೂ ಮಕ್ಕಳ ಭಾಷೆಯಲ್ಲೂ ಬರೆದು ಗೋಡೆಗೆ ಹಾಕಿ. ಅನುವಾದವನ್ನು ಸಹಶಿಕ್ಷಕರಿಂದಲೇ ಮಾಡಿಸಿ. ಓದಿ ಹೇಳಿದರೆ ಸಾಲದು, ಅಭ್ಯಾಸ ಮಾಡಿಸಬೇಕು. ಗುಂಪಿನಲ್ಲಿ ಕೂರುವುದು, ಮತ್ತೆ ಸಾಲಿಗೆ ಮರಳುವುದು, ಹಾಳೆ ಹಿಂದಿರುಗಿಸುವುದು, ಇವನ್ನು ಪಾಠದ ಒತ್ತಡವಿಲ್ಲದ ದಿನ ಎರಡು ಮೂರು ಸಲ ಮಾಡಿಸಿಬಿಡಿ.

ಸದ್ದಡಗಿಸುವ ಸಂಕೇತ

ಗದ್ದಲದ ಮೇಲೆ ದನಿ ಏರಿಸಬೇಡಿ. ಸುತ್ತ ಸದ್ದಿದ್ದಾಗ ಮನುಷ್ಯ ತನಗೇ ಅರಿವಿಲ್ಲದೆ ಜೋರಾಗಿ ಮಾತಾಡುತ್ತಾನೆ. ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ವಿವರಿಸಿದ ಈ ಗುಣಕ್ಕೆ ಅವರ ಹೆಸರೇ ನಿಂತಿದೆ. ನೀವು ಕೂಗಿದರೆ ಮಕ್ಕಳು ಇನ್ನಷ್ಟು ಕೂಗಿ ಮಾತಾಡುತ್ತಾರೆ, ಸಂಜೆಗೆ ನಿಮ್ಮ ಗಂಟಲು ಕಟ್ಟಿರುತ್ತದೆ.

ಬದಲಿಗೆ ಒಂದೇ ಒಂದು ಸಂಕೇತ ಆರಿಸಿಕೊಳ್ಳಿ. ಯಾವಾಗಲೂ ಒಂದೇ ಜಾಗದಲ್ಲಿ ನಿಂತು ಕೈ ಎತ್ತಿ, ಐದರಿಂದ ಸೊನ್ನೆಗೆ ನಿಧಾನವಾಗಿ ಎಣಿಸಿ. ಚಿಕ್ಕ ಮಕ್ಕಳಿಗೆ ಚಪ್ಪಾಳೆಯ ತಾಳ ಹಾಕಿ, ಅದನ್ನೇ ಅವರು ಮರಳಿ ಹಾಕುವಂತೆ ಮಾಡಬಹುದು. ಸೊನ್ನೆ ಬಂದಾಗ ಇಬ್ಬರು ಇನ್ನೂ ಮಾತಾಡುತ್ತಿದ್ದರೂ ಕಾಯಿರಿ. ಹೆಚ್ಚಿನವರು ಸೋಲುವುದು ಇಲ್ಲೇ. ಮುಕ್ಕಾಲು ತರಗತಿ ಸುಮ್ಮನಾಯಿತಲ್ಲ ಎಂದು ಪಾಠ ಮುಂದುವರಿಸಿದರೆ, ಆ ಸಂಕೇತಕ್ಕೆ ಸುಮ್ಮನಾಗಲೇಬೇಕೆಂದಿಲ್ಲ ಎಂದು ಉಳಿದವರಿಗೂ ಕಲಿಸಿದಂತಾಯಿತು.

ಸೂಚನೆ ಕೊಡುವ ಬಗೆ

‘ಓಕೆ, ನೌ ಐ ವಾಂಟ್ ಯು ಟು ಗೆಟ್ ಇಂಟು ಪೇರ್ಸ್ ಅಂಡ್ ಆಸ್ಕ್ ಈಚ್ ಅದರ್ ದ ಕ್ವೆಶ್ಚನ್ಸ್ ಆನ್ ದ ಶೀಟ್’ ಎಂದು ಹೇಳುತ್ತಾ ಹಾಳೆ ಹಂಚಿದರೆ ಏನಾಗುತ್ತದೆ ನೋಡಿ. ಹಾಳೆ ಕೈಗೆ ಬಂದ ಕ್ಷಣ ಕಣ್ಣು ಅದರ ಮೇಲೆ ಹೋಗುತ್ತದೆ, ಕಿವಿ ಮುಚ್ಚುತ್ತದೆ. ವಾಕ್ಯದಲ್ಲಿ ಅವರಿಗೆ ಸಿಕ್ಕಿದ್ದು ‘ಪೇರ್ಸ್’ ಒಂದೇ. ಕೆಲವರು ಕುರ್ಚಿ ಎಳೆಯುತ್ತಾರೆ, ಕೆಲವರು ಒಬ್ಬರೇ ಬರೆಯತೊಡಗುತ್ತಾರೆ, ಉಳಿದವರು ನಗುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ತರಗತಿ ಕೈಬಿಟ್ಟಿರುತ್ತದೆ.

ಸರಿಯಾದ ಕ್ರಮ ಇದು. ಮೊದಲು ಎಲ್ಲರನ್ನೂ ಸುಮ್ಮನಾಗಿಸಿ. ಆಮೇಲೆ ಆರೇಳು ಪದ ಮೀರದ ಆಜ್ಞಾರ್ಥಕ ವಾಕ್ಯಗಳನ್ನು, ಕೆಲಸ ನಡೆಯಬೇಕಾದ ಅನುಕ್ರಮದಲ್ಲೇ ಹೇಳಿ: ‘ವರ್ಕ್ ವಿತ್ ಯುವರ್ ಪಾರ್ಟ್ನರ್. ಆಸ್ಕ್ ಫೈವ್ ಕ್ವೆಶ್ಚನ್ಸ್. ರೈಟ್ ದ ಆನ್ಸರ್ಸ್.’ ಮೂರನೆಯ ಹೆಜ್ಜೆ, ಒಬ್ಬ ವಿದ್ಯಾರ್ಥಿಯನ್ನು ಮುಂದೆ ಕರೆದು ಎರಡು ಪ್ರಶ್ನೆ ಕೇಳಿ, ಉತ್ತರ ಬರೆದು ತೋರಿಸುವುದು. ತೋರಿಸಿದ್ದು ಹೇಳಿದ್ದಕ್ಕಿಂತ ಬೇಗ ತಲುಪುತ್ತದೆ. ನಂತರ ಪರೀಕ್ಷಿಸಿ. ‘ಅಂಡರ್‌ಸ್ಟ್ಯಾಂಡ್?’ ಎಂದು ಕೇಳಿದರೆ ಯಾವ ದೇಶದ ಮಕ್ಕಳಾದರೂ ‘ಯೆಸ್’ ಅನ್ನುತ್ತಾರೆ. ಅದರ ಬದಲು ‘ಅಲೋನ್ ಆರ್ ಪಾರ್ಟ್ನರ್? ಹೌ ಮೆನಿ ಕ್ವೆಶ್ಚನ್ಸ್? ರೈಟ್ ಆರ್ ನೋ ರೈಟಿಂಗ್?’ ಎಂದು ಕೇಳಿ, ಹಿಂದಿನ ಸಾಲಿನವರಿಂದ ಉತ್ತರ ತೆಗೆಯಿರಿ. ಸಮಯವನ್ನು ಬೋರ್ಡಿನ ಮೇಲೆ ಬರೆಯಿರಿ. ಹಾಳೆ ಹಂಚುವುದು ಎಲ್ಲಕ್ಕಿಂತ ಕೊನೆಗೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಇದರದೇ ಭಾಗ. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆಂದೂ, ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆಂದೂ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಪರಭಾಷೆಯಲ್ಲಿ ಐದು ಸೆಕೆಂಡಾದರೂ ಕಾಯಿರಿ.

ಆಟ ಹುಯಿಲಾದಾಗ

ಆಟ ಆಡಿಸಿದರೆ ಮಕ್ಕಳು ಹಿಡಿತಕ್ಕೆ ಬರುತ್ತಾರೆಂಬುದು ಹೊಸಬರ ನಂಬಿಕೆ. ಸೋತವರು ಹೊರಬೀಳುವ ಆಟಗಳೇ ಗದ್ದಲದ ಮೂಲ. ಔಟಾದವರಿಗೆ ಮುಂದಿನ ಹತ್ತು ನಿಮಿಷ ಕೆಲಸವಿಲ್ಲ, ಮೊದಲು ಔಟಾಗುವವರು ಇಂಗ್ಲಿಷ್ ಬಾರದವರೇ. ಔಟಿನ ಬದಲು ಅಂಕ ಕೊಡಿ, ಒಮ್ಮೆ ಕೊಟ್ಟ ಅಂಕವನ್ನು ಕಳೆಯಬೇಡಿ. ಗೆಲ್ಲುವ ಆಸೆಯೇ ಹೋದ ಗುಂಪಿಗೆ ಸುಮ್ಮನಿರಲು ಕಾರಣವೂ ಉಳಿಯುವುದಿಲ್ಲ.

ಮೈ ಚುರುಕಾಗುವ ಚಟುವಟಿಕೆಯಾದ ಮೇಲೆ ಮೈ ತಣಿಸುವ ಒಂದನ್ನು ಇಡಿ: ಕೇಳಿ ಚಿತ್ರ ಬರೆಯುವುದು, ನಕಲು ಮಾಡುವುದು, ಓದುವುದು. ದಕ್ಷಿಣ ಕೊರಿಯಾದ ಪ್ರಾಥಮಿಕ ಶಾಲೆಯ ಪೀರಿಯಡ್ 40 ನಿಮಿಷ, ಜಪಾನಿನದು 45. ಏಳೆಂಟು ವರ್ಷದವರಿಗೆ ಅಷ್ಟರಲ್ಲಿ ಐದಾರು ಚಟುವಟಿಕೆ ಬೇಕಾಗುತ್ತದೆ. ಹದಿಹರೆಯದವರಿಗೆ ಮೂರು ಸಾಕು.

ಆದರೂ ತರಗತಿ ಪೂರ್ತಿ ಕೈಬಿಟ್ಟಿತೆನ್ನಿ. ಆಟವನ್ನು ಅಲ್ಲಿಗೇ ನಿಲ್ಲಿಸಿ, ಬೈಯಬೇಡಿ. ಬೋರ್ಡಿನ ಮೇಲೆ ಒಂದರಿಂದ ಆರರವರೆಗೆ ಅಂಕಿ ಬರೆದು ಉಕ್ತಲೇಖನ ಶುರುಮಾಡಿ. ಆರು ಚಿಕ್ಕ ವಾಕ್ಯ, ಒಂದೊಂದನ್ನೂ ಎರಡು ಸಲ, ತಗ್ಗಿದ ದನಿಯಲ್ಲಿ. ಕೇಳಿಸಿಕೊಳ್ಳದೆ ಬರೆಯಲಾಗದು, ಹಾಗಾಗಿ ಮಕ್ಕಳೇ ಒಬ್ಬರನ್ನೊಬ್ಬರು ಸುಮ್ಮನಾಗಿಸುತ್ತಾರೆ. ಇದಕ್ಕಿಂತ ನೆಚ್ಚಬಹುದಾದ ಉಪಾಯ ಇನ್ನೊಂದಿಲ್ಲ.

ಒಬ್ಬನೇ ತೊಂದರೆ ಕೊಡುತ್ತಿದ್ದರೆ

ಮೊದಲು ಕಣ್ಣಿಟ್ಟು ನೋಡಿ. ನಿಲ್ಲದಿದ್ದರೆ ಪಾಠ ನಿಲ್ಲಿಸದೆ ಅವನ ಮೇಜಿನ ಪಕ್ಕಕ್ಕೆ ಹೋಗಿ ನಿಲ್ಲಿ. ಆಮೇಲೆ ಪುಟದ ಮೇಲೆ ಬೆರಳಿಟ್ಟು ತೋರಿಸಿ. ಮುಂದಿನದು, ಪಕ್ಕದವರಿಗೂ ಕೇಳಿಸದಂತೆ ಎರಡು ಆಯ್ಕೆ: ‘ಸಿಟ್ ಹಿಯರ್ ಕ್ವಯೆಟ್ಲಿ, ಆರ್ ಸಿಟ್ ದೇರ್’. ಹೇಳಿ ಅಲ್ಲಿಂದ ಸರಿದುಬಿಡಿ. ಎದುರೇ ನಿಂತರೆ ಗೆಳೆಯರ ಮುಂದೆ ಸೋಲಲಾರದೆ ಅವನು ತಿರುಗಿಬೀಳುತ್ತಾನೆ. ಉಳಿದ ಮಾತು ಪಾಠ ಮುಗಿದ ಮೇಲೆ, ಸಹಶಿಕ್ಷಕರ ಎದುರಿಗೆ, ಎರಡೇ ನಿಮಿಷ.

ಅವರ ಭಾಷೆಯಲ್ಲಿ ‘ಕೂತುಕೊ’, ‘ಕೇಳು’, ‘ಚೆನ್ನಾಗಿದೆ’, ‘ಇನ್ನೊಮ್ಮೆ’ ಕಲಿತಿಟ್ಟುಕೊಳ್ಳಿ. ಬೈಗುಳಕ್ಕೆ ಮಾತ್ರ ಆ ಭಾಷೆ ಬಳಸಬೇಡಿ. ಜಪಾನಿ, ಕೊರಿಯನ್‌ನಂಥ ಭಾಷೆಗಳಲ್ಲಿ ಗೌರವದ ಮಟ್ಟ ಒಂದಿಷ್ಟು ತಪ್ಪಿದರೂ ಇಡೀ ತರಗತಿ ನಗುತ್ತದೆ, ಇಲ್ಲವೇ ಮಗುವಿಗೆ ಅವಮಾನವಾಗುತ್ತದೆ. ಮೈಮಾತೂ ಅಷ್ಟೇ. ಥಾಯ್ಲೆಂಡಿನಲ್ಲಿ ತಲೆ ಸವರುವುದು ಅಗೌರವ. ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’ ಎಂದರ್ಥ.

ಮೇಜಿನ ಮೇಲೆ ತಲೆಯಿಟ್ಟು ಮಲಗುವವರನ್ನು ಸೋಮಾರಿಗಳೆಂದು ಎಣಿಸಬೇಡಿ. ಸೋಲ್ ನಗರದಲ್ಲಿ ಹಗ್ವಾನ್ ಎಂಬ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ರಾತ್ರಿ 10 ಗಂಟೆಯವರೆಗೆ ಪಾಠ ಮಾಡಲು ಅನುಮತಿಯಿದೆ. ಅಲ್ಲಿಂದ ಬಂದು ಮನೆಪಾಠ ಮುಗಿಸಿದ ಮಗುವಿಗೆ ನಿದ್ದೆ ಎಷ್ಟು ಸಿಕ್ಕೀತು? ಮೆಲ್ಲಗೆ ಎಬ್ಬಿಸಿ, ನಿಂತು ಮಾಡುವ ಕೆಲಸ ಕೊಡಿ.

ಒಬ್ಬ ತಪ್ಪು ಮಾಡಿದ್ದಕ್ಕೆ ಎಲ್ಲರನ್ನೂ ಕೂರಿಸುವುದು, ಶಿಕ್ಷೆಗೆಂದು ಇಂಗ್ಲಿಷ್ ವಾಕ್ಯವನ್ನು ನೂರು ಸಲ ಬರೆಸುವುದು, ಎರಡೂ ಬೇಡ. ಮೊದಲನೆಯದರಿಂದ ಒಳ್ಳೆಯ ಮಕ್ಕಳು ಕೈತಪ್ಪುತ್ತಾರೆ. ಎರಡನೆಯದರಿಂದ ನೀವು ಕಲಿಸಲು ಬಂದ ಭಾಷೆಯೇ ಶಿಕ್ಷೆಯಾಗುತ್ತದೆ.

ಪಾಠ ಮುಗಿದ ಕೂಡಲೇ ಗಂಟೆ, ಜಾಗ, ನಡೆದದ್ದು, ಅದಕ್ಕೆ ತುಸು ಮುಂಚೆ ನೀವು ಮಾಡುತ್ತಿದ್ದುದು, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ಎರಡು ವಾರ ಬರೆದರೆ, ಗದ್ದಲವೆಲ್ಲ ಹಾಳೆ ಹಂಚುವಾಗಲೋ ಜಾಗ ಬದಲಿಸುವಾಗಲೋ ಏಳುತ್ತಿರುವುದು ಕಾಣಿಸಬಹುದು. ಅದೊಂದನ್ನೇ ಮೊದಲು ಬದಲಿಸಿ.

ಹೊಡೆದಾಟವೇ ಆದರೆ ಇದಾವುದೂ ನಡೆಯದು. ಮಕ್ಕಳನ್ನು ಹಿಡಿದೆಳೆಯಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಉಳಿದವರನ್ನು ದೂರ ಸರಿಸಿ, ಒಬ್ಬರನ್ನು ಪಕ್ಕದ ತರಗತಿಯ ಶಿಕ್ಷಕರನ್ನು ಕರೆತರಲು ಕಳಿಸಿ. ನಡೆದದ್ದನ್ನು ಅದೇ ದಿನ ಬರೆದು ಕ್ಲಾಸ್ ಟೀಚರ್ ಕೈಗೆ ಕೊಟ್ಟು, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.