ಕೂಸಿನ ಮೈಬಿಗಿತವನ್ನು ಬಲವೆಂದು ಎಣಿಸಬೇಡಿ

“ಮೂರು ತಿಂಗಳಿಗೇ ಕಾಲೂರಿ ನಿಲ್ಲುತ್ತಾನೆ, ಎಷ್ಟು ಗಟ್ಟಿ ನೋಡಿ” ಎಂದು ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅಜ್ಜಿಯರು ಹೆಮ್ಮೆಯಿಂದ ಹೇಳುವುದನ್ನು ಹಲವು ಬಾರಿ ಕೇಳಿದ್ದೇನೆ. ಕಂಕುಳಲ್ಲಿ ಹಿಡಿದೆತ್ತಿದಾಗಲೆಲ್ಲ ಮಗುವಿನ ಕಾಲುಗಳು ಸೆಟೆದು, ತುದಿಗಾಲೂರಿ, ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತಿದ್ದರೆ ಅದು ಬಲವಲ್ಲ, ಸ್ನಾಯುಗಳ ಬಿಗಿತ. ಬೆಳೆಯುತ್ತಿರುವ ಮೆದುಳಿಗೆ ಹಾನಿಯಾದಾಗ ಬರುವ, ಮೈಯ ಚಲನೆ ಮತ್ತು ಹಿಡಿತವನ್ನು ಕುಂದಿಸುವ ಸೆರೆಬ್ರಲ್ ಪಾಲ್ಸಿಯ ಮೊದಲ ಸುಳಿವೂ ಆಗಿರಬಹುದು.

ಮೊದಲು ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಿ. 32 ವಾರಕ್ಕೇ ಹುಟ್ಟಿದ ಮಗುವಾದರೆ, 40 ವಾರಕ್ಕೆ ಕಡಿಮೆ ಬಿದ್ದ 8 ವಾರಗಳನ್ನು ಈಗಿನ ವಯಸ್ಸಿನಿಂದ ಕಳೆಯಬೇಕು. ಮುಂದೆ ಹೇಳುವ ತಿಂಗಳುಗಳನ್ನು ಈ ಲೆಕ್ಕದಲ್ಲೇ ನೋಡಿ.

ಹೆಚ್ಚಿನವರು ಎಡವುವುದು ಎರಡನೆಯ ಹಂತದಲ್ಲಿ, ಅಂದರೆ ಕೈಕಾಲುಗಳ ಚಲನೆಯನ್ನು ಗಮನಿಸುವಲ್ಲಿ. ಹಸಿದು ಅಳುವ ಕೂಸಿನ ಮೈ ಹೇಗೂ ಬಿಗಿಯುತ್ತದೆ. ಆದ್ದರಿಂದ ಹೊಟ್ಟೆ ತುಂಬಿ, ಎಚ್ಚರವಾಗಿ, ಗೆಲುವಾಗಿರುವಾಗ ಬಟ್ಟೆ ಸಡಿಲಿಸಿ ಚಾಪೆಯ ಮೇಲೆ ಅಂಗಾತ ಮಲಗಿಸಿ. ತಲೆ ನೇರವಾಗಿರಲಿ. ತಲೆ ಒಂದು ಪಕ್ಕಕ್ಕೆ ಹೊರಳಿದರೆ ಆ ಕಡೆಯ ಕೈ ಚಾಚಿ ಇನ್ನೊಂದು ಮಡಚಿಕೊಳ್ಳುವುದು ಮೊದಲ ಕೆಲವು ತಿಂಗಳು ಸಹಜ. ಅದನ್ನೇ ಕಂಡು ಒಂದು ಕೈ ಸ್ವಾಧೀನದಲ್ಲಿಲ್ಲವೆಂದು ಗಾಬರಿಯಾದವರಿದ್ದಾರೆ. ಬಳಿಕ ಮುಟ್ಟದೆ, ಗಿಲಕಿ ಆಡಿಸದೆ ಎರಡು ಮೂರು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿ, ನಿಧಾನವಾಗಿ ನೋಡಿ. ಎರಡೂ ಕಾಲುಗಳನ್ನು ಸಮನಾಗಿ ಒದೆಯುತ್ತಿದೆಯೇ? ಮೂರು ತಿಂಗಳು ದಾಟಿದರೂ, ಹೆಬ್ಬೆರಳನ್ನು ಒಳಗಿಟ್ಟುಕೊಂಡ ಮುಷ್ಟಿ ಬಿಚ್ಚುತ್ತಿಲ್ಲವೇ? ಮೂರರಿಂದ ಐದು ತಿಂಗಳ ನಡುವೆ ಕುತ್ತಿಗೆ, ಮಣಿಕಟ್ಟು, ಪಾದದ ಕೀಲುಗಳಲ್ಲಿ ಎಡೆಬಿಡದೆ ಕಾಣಬೇಕಾದ ಸಣ್ಣಸಣ್ಣ ಚಲನೆಗಳು ಇವೆಯೇ ಎಂಬುದನ್ನು ತರಬೇತಿ ಪಡೆದ ವೈದ್ಯರು ಇಂಥ ವಿಡಿಯೊದಿಂದಲೇ ಗುರುತಿಸಬಲ್ಲರು.

ಉಳಿದವು ಸುಲಭ: ನಾಲ್ಕು ತಿಂಗಳಿಗೂ ಕುತ್ತಿಗೆ ನಿಲ್ಲದಿರುವುದು, ಎತ್ತಿಕೊಂಡಾಗ ಮೈ ಬಟ್ಟೆಯಂತೆ ಜೋತುಬೀಳುವುದು, ಒಂಬತ್ತು ತಿಂಗಳಿಗೂ ಆಸರೆಯಿಲ್ಲದೆ ಕೂರದಿರುವುದು. ವರ್ಷ ತುಂಬುವ ಮೊದಲೇ ಒಂದೇ ಕೈಯಿಂದ ಎಲ್ಲವನ್ನೂ ಹಿಡಿಯುವ ಮಗುವನ್ನು “ಎಡಚ” ಎಂದು ನಕ್ಕು ಸುಮ್ಮನಾಗಬೇಡಿ. ಇನ್ನೊಂದು ಕೈ ದುರ್ಬಲವಾಗಿರಬಹುದು. ಯಾವುದೋ ಒಂದು ಲಕ್ಷಣದಿಂದಲೇ ರೋಗ ನಿರ್ಧಾರವಾಗುವುದಿಲ್ಲ, ಆದರೆ ತೋರಿಸಲು ಒಂದೇ ಸಾಕು.

ವಾಕರ್ ಮಾತ್ರ ಕೊಳ್ಳಲೇಬೇಡಿ; ಅದು ನಡಿಗೆ ಕಲಿಸುವುದಿಲ್ಲ, ಮಗು ಉರುಳಿ ಬೀಳುವ ಅಪಾಯವೂ ಇದೆ. ಎಣ್ಣೆ ನೀವುವುದಕ್ಕೆ ನನ್ನ ತಕರಾರಿಲ್ಲ, ಅದರಿಂದ ಬಿಗಿತ ವಾಸಿಯಾದೀತೆಂದು ಕಾಯುವುದಕ್ಕೆ ಇದೆ.

ಆಶಾ ಕಾರ್ಯಕರ್ತೆಗೆ ತಿಳಿಸಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಉಚಿತ ತಪಾಸಣೆ ಮಾಡಿಸಿ, ಇಲ್ಲವೇ ನೇರವಾಗಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಕಾಗದ ಮತ್ತು ಆ ವಿಡಿಯೊ ಜೊತೆಗಿರಲಿ. ಮಗು ಹುಟ್ಟಿದ ಕೂಡಲೇ ಅತ್ತಿತೇ, ಕಾಮಾಲೆ ಹೆಚ್ಚಾಗಿತ್ತೇ ಎಂದು ಅಲ್ಲಿ ಮೊದಲು ಕೇಳುತ್ತಾರೆ.