ಜಾಲಿ ಮುಳ್ಳು ಗೀರಿದರೆ ಮೊದಲು ಉಗುರಿನಿಂದ ಪರೀಕ್ಷಿಸಿ

ಸಂಡೂರು ಕಡೆ ಓಡಾಡುವ ನಮ್ಮ ಬಳ್ಳಾರಿಯ ಕಾರುಗಳಿಗೆ ಎರಡು ಕಾಟ: ಅದಿರಿನ ಕೆಂಪು ದೂಳು, ರಸ್ತೆಯಂಚಿನಿಂದ ಚಾಚಿಕೊಂಡ ಬಳ್ಳಾರಿ ಜಾಲಿ. ಕಳೆದ ವಾರ ನನ್ನ ಬಿಳಿ ಕಾರಿನ ಬಾಗಿಲಿಗೆ ಗೇಣುದ್ದದ ಗೀರು ಬಿತ್ತು. ಹೊಟ್ಟೆ ಉರಿಯಿತು.

ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಪಾರದರ್ಶಕ ಪದರದಲ್ಲೇ ನಿಂತಿದೆ ಎಂದರ್ಥ, ಮನೆಯಲ್ಲೇ ಸರಿಮಾಡಬಹುದು. ಮೊದಲು ಧಾರಾಳವಾಗಿ ನೀರು ಸುರಿದು ದೂಳು ಇಳಿಸಿ, ಕಾರ್ ಶಾಂಪೂವಿನಿಂದ ತೊಳೆಯಿರಿ. ದಯವಿಟ್ಟು ಒಣಬಟ್ಟೆಯಿಂದ ಒರೆಸಬೇಡಿ. ಅದಿರಿನ ಕಣಗಳು ಮರಳು ಕಾಗದದಂತೆ ಕೊರೆದು ಒಂದು ಗೀರನ್ನು ನೂರು ಮಾಡುತ್ತವೆ.

ಬೆಳಗಿನ ನೆರಳಿನಲ್ಲಿ, ತಗಡು ತಣ್ಣಗಿರುವಾಗಲೇ ಕುಳಿತುಕೊಳ್ಳಿ. ಗೀರು ಉಜ್ಜಿ ತೆಗೆಯುವ ರಬ್ಬಿಂಗ್ ಕಾಂಪೌಂಡ್ ಎಂಬ ಪೇಸ್ಟ್ ನಮ್ಮ ಬಿಸಿಲಿಗೆ ಕ್ಷಣದಲ್ಲಿ ಒಣಗಿ ಕಲೆ ಉಳಿಸುತ್ತದೆ. ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡನ್ನು ಮೈಕ್ರೋಫೈಬರ್ ಬಟ್ಟೆಗೆ ಹಚ್ಚಿ ಹಗುರವಾಗಿ ಉಜ್ಜಿ, ಆಗಾಗ ಒರೆಸಿ ನೋಡಿ. ಪದರ ಬಹಳ ತೆಳು, ಬಲ ಹಾಕಬೇಡಿ. ಗೀರು ಮರೆಯಾದ ಮೇಲೆ ವ್ಯಾಕ್ಸ್ ಪಾಲಿಶ್ ಹಚ್ಚಿ.

ಉಗುರು ಸಿಕ್ಕಿಕೊಂಡರೆ ಟಚ್‌ಅಪ್ ಬಣ್ಣವೇ ಬೇಕು. ನಿಮ್ಮ ಕಾರಿನ ಬಣ್ಣದ ಕೋಡ್ ಹೇಳಿಯೇ ಕೊಳ್ಳಿ, ಬಿಳಿಯಲ್ಲೂ ಹಲವು ಬಿಳಿಗಳಿವೆ. ತಗಡು ಕಾಣುತ್ತಿದ್ದರೆ ಮಳೆಗಾಲಕ್ಕೆ ಮುಂಚೆಯೇ ಮುಚ್ಚಿಬಿಡಿ. ತುಕ್ಕು ಹಿಡಿದ ಮೇಲೆ ಕೆಲಸ ಕೈಮೀರುತ್ತದೆ.